ಊರಿಗೆ ಬರುವ ಮುನ್ನ ಮರಳುವ ಕಾಗದ ನೋಡಿಕೊಳ್ಳಿ

ರಜೆಯಲ್ಲಿ ಊರಿಗೆ ಬಂದ ನಮ್ಮವರಿಗೆ ಎದುರಾಗುವ ಪ್ರಶ್ನೆಗಳು ಮೂರು. "ಯಾವಾಗ ಬಂದದ್ದು?" "ಎಷ್ಟು ದಿನ ರಜೆ ಉಂಟು?" "ಇನ್ನು ಹೋಗುವುದು ಯಾವಾಗ?" ಮಸೀದಿಯ ಅಂಗಳದಲ್ಲಿ, ಮದುವೆ ಹಾಲ್‌ನಲ್ಲಿ, ಮೀನು ಮಾರ್ಕೆಟ್‌ನಲ್ಲಿ ಇದೇ ಮೂರು ಪ್ರಶ್ನೆ. ಮೂರನೆಯದನ್ನು ಕೇಳಿದಾಗ ಬಂದವರಿಗೆ ಸ್ವಲ್ಪ ಬೇಸರ ಆಗುವುದೂ ಉಂಟು, "ಬಂದು ಎರಡು ದಿನ ಆಗಿಲ್ಲ, ಕಳಿಸಲಿಕ್ಕೆ ನೋಡ್ತಾರೆ" ಎಂದು. ಆದರೆ ಮೂರರಲ್ಲಿ ನಿಜವಾಗಿ ತೂಕದ ಪ್ರಶ್ನೆ ಅದೇ. ಅದರ ಉತ್ತರ ಟಿಕೆಟ್‌ನಲ್ಲಿ ಇರುವುದಿಲ್ಲ. ನಾವು ಬಿಟ್ಟು ಬಂದ ದೇಶ ಕೊಟ್ಟ ಕಾರ್ಡಿನಲ್ಲಿ, ಆ ದೇಶ ಇಟ್ಟುಕೊಂಡ ದಿನಗಳ ಲೆಕ್ಕದಲ್ಲಿ ಇರುತ್ತದೆ.

ಭಾರತದ ಪಾಸ್‌ಪೋರ್ಟ್ ಇರುವವರಿಗೆ ಭಾರತಕ್ಕೆ ಬರಲು ಬೇರೆ ಕಾಗದ ಬೇಡ. ಪಾಸ್‌ಪೋರ್ಟ್ ಚಾಲ್ತಿಯಲ್ಲಿದ್ದರೆ ಸಾಕು, ಇದು ನಮ್ಮದೇ ದೇಶ. ತೊಡಕು ಇರುವುದು ವಾಪಸು ಹೋಗುವಾಗ. ಅದೂ ದುಬೈಯಲ್ಲೋ ರಿಯಾದ್‌ನಲ್ಲೋ ಟೊರೊಂಟೊದಲ್ಲೋ ಇಳಿದ ಮೇಲೆ ಅಲ್ಲ. ಮಂಗಳೂರು ವಿಮಾನ ನಿಲ್ದಾಣದ ಚೆಕ್‌ಇನ್ ಕೌಂಟರಿನಲ್ಲೇ. ಆ ದೇಶದೊಳಗೆ ಬಿಡದ ಪ್ರಯಾಣಿಕನನ್ನು ಕರೆದೊಯ್ದರೆ ವಾಪಸು ಕರೆತರುವ ಹೊಣೆ ವಿಮಾನ ಕಂಪೆನಿಯದ್ದು, ಮೇಲಿಂದ ದಂಡ ಬೇರೆ. ಹಾಗಾಗಿ ಕಾಗದ ಸರಿ ಇಲ್ಲದಿದ್ದರೆ ಕೌಂಟರಿನವರು ಬೋರ್ಡಿಂಗ್ ಪಾಸ್ ಕೊಡುವುದಿಲ್ಲ. ಬೀಳ್ಕೊಡಲು ಬಂದ ಮನೆಯವರು ಇನ್ನೂ ಗೇಟಿನ ಹೊರಗೆ ನಿಂತಿರುವಾಗಲೇ ಪೆಟ್ಟಿಗೆ ತಳ್ಳಿಕೊಂಡು ಹೊರಬರುವ ಸ್ಥಿತಿ ಯಾರಿಗೂ ಬೇಡ.

ಗಲ್ಫ್‌ನಲ್ಲಿ ಆರು ತಿಂಗಳ ಲೆಕ್ಕ

ಗಲ್ಫ್‌ನಲ್ಲಿ ಮೂವತ್ತು ವರ್ಷ ದುಡಿದವರನ್ನು ನಾವು "ಅಲ್ಲಿಯೇ ಸೆಟ್ಲ್ ಆದವರು" ಎನ್ನುತ್ತೇವೆ. ಕಾನೂನಿನ ಕಣ್ಣಿನಲ್ಲಿ ಹೆಚ್ಚಿನವರು ಕಾಯಂ ನಿವಾಸಿಗಳಲ್ಲ. ಇಕಾಮ ಎನ್ನಿ, ರೆಸಿಡೆನ್ಸ್ ವೀಸಾ ಎನ್ನಿ, ಅದು ಕೆಲಸಕ್ಕೆ ಅಥವಾ ಕೆಲಸದಲ್ಲಿರುವ ಗಂಡನಿಗೆ ಕಟ್ಟಿಹಾಕಿದ ವಾಸ. 2019ರಲ್ಲಿ ಸೌದಿ ಅರೇಬಿಯಾ ಪ್ರೀಮಿಯಂ ರೆಸಿಡೆನ್ಸಿಯನ್ನೂ ಯುಎಇ ಗೋಲ್ಡನ್ ವೀಸಾವನ್ನೂ ತಂದವು. ಅದು ಸಿಕ್ಕಿದವರಿಗೆ ಹೋಗಿ ಬರುವ ಸ್ವಾತಂತ್ರ್ಯ ಹೆಚ್ಚು. ಉಳಿದವರೆಲ್ಲ ಹಳೆಯ ನಿಯಮದಲ್ಲೇ ಇದ್ದಾರೆ.

ಸೌದಿಯಲ್ಲಿರುವವರಿಗೆ ಇಕಾಮ ಒಂದೇ ಸಾಲದು. ರಜೆಗೆ ಹೊರಡುವ ಮುನ್ನ ಎಕ್ಸಿಟ್ ರೀಎಂಟ್ರಿ, ನಮ್ಮವರ ಬಾಯಲ್ಲಿ "ಖುರೂಜ್ ಔದ", ಆಗಿರಬೇಕು. ಒಂದು ಸಲ ಹೋಗಿ ಬರುವ ವೀಸಾಕ್ಕೆ ಎರಡು ತಿಂಗಳ ಮಟ್ಟಿಗೆ 200 ರಿಯಾಲ್, ಆಮೇಲೆ ತಿಂಗಳಿಗೆ 100 ರಿಯಾಲ್. ಊರಿಗೆ ಬಂದ ಮೇಲೆ ಅವಧಿ ಸಾಲದೆ ಹೋದರೆ ಅಬ್ಶರ್ ಮೂಲಕ ವಿಸ್ತರಿಸಬಹುದು. ಆದರೆ ಹೊರಗಿನಿಂದ ಮಾಡಿಸುವ ವಿಸ್ತರಣೆಗೆ ಶುಲ್ಕ ದುಪ್ಪಟ್ಟು, ಅದೂ ಇಕಾಮ ಚಾಲ್ತಿಯಲ್ಲಿದ್ದರೆ ಮಾತ್ರ. ವೀಸಾ ತೆಗೆದು ಪ್ರಯಾಣ ಮಾಡದೆ ಉಳಿದರೆ ಅವಧಿಯೊಳಗೆ ರದ್ದು ಮಾಡಿಸಬೇಕು. ಸುಮ್ಮನೆ ಬಿಟ್ಟರೆ 1,000 ರಿಯಾಲ್ ದಂಡ. ಇನ್ನೊಂದು ವಿಷಯ: "ಖುರೂಜ್ ನಿಹಾಯಿ" ಎಂದರೆ ಫೈನಲ್ ಎಕ್ಸಿಟ್. ಕಂಪೆನಿಯವರು ಯಾವುದನ್ನು ಹಾಕಿದ್ದಾರೆ ಎಂಬುದನ್ನು ಹೊರಡುವ ಮುನ್ನ ಸ್ವತಃ ನೋಡಿಕೊಳ್ಳಿ. ಎರಡರಲ್ಲೂ ಖುರೂಜ್ ಎಂಬ ಪದ ಇದೆ, ಮರಳುವ ದಾರಿ ಇರುವುದು ಒಂದರಲ್ಲಿ ಮಾತ್ರ.

ಯುಎಇಯಲ್ಲಿ ಹೊರಹೋಗಲು ಪ್ರತ್ಯೇಕ ವೀಸಾ ಬೇಡ. ಆದರೆ ದೇಶದಿಂದ ಹೊರಗೆ 180 ದಿನ ದಾಟಿದರೆ ಸಾಮಾನ್ಯ ರೆಸಿಡೆನ್ಸ್ ವೀಸಾ ಬಿದ್ದುಹೋಗುತ್ತದೆ, ಕಾರ್ಡಿನ ಮೇಲೆ ಇನ್ನೂ ಒಂದು ವರ್ಷ ಬಾಕಿ ಇದ್ದರೂ ಅಷ್ಟೇ. ಸರಿಯಾದ ಕಾರಣವಿದ್ದರೆ ಹೊರಗಿನಿಂದಲೇ ಮರುಪ್ರವೇಶದ ಅನುಮತಿಗೆ ಅರ್ಜಿ ಹಾಕಲು ಅವಕಾಶವಿದೆ. ಕಾರಣಕ್ಕೆ ಆಸ್ಪತ್ರೆಯ ಕಾಗದದಂಥ ದಾಖಲೆ ಕೊಡಬೇಕು, ದಂಡ ಕಟ್ಟಬೇಕು, ಒಪ್ಪಿಗೆ ಸಿಗುವವರೆಗೆ ಕಾಯಬೇಕು. ಗೋಲ್ಡನ್ ವೀಸಾದವರಿಗೆ ಈ 180 ದಿನದ ಕಟ್ಟು ಇಲ್ಲ. 2022ರಿಂದ ಪಾಸ್‌ಪೋರ್ಟ್‌ನಲ್ಲಿ ವೀಸಾ ಸ್ಟಿಕ್ಕರ್ ಅಂಟಿಸುವುದನ್ನು ಅಲ್ಲಿ ನಿಲ್ಲಿಸಿದ್ದಾರೆ. ಈಗ ಎಮಿರೇಟ್ಸ್ ಐಡಿಯೇ ವಾಸದ ಸಾಕ್ಷಿ. "ಊರಲ್ಲಿ ಅದು ಎಂತಕ್ಕೆ" ಎಂದು ಕಾರ್ಡನ್ನು ಶಾರ್ಜಾದ ರೂಮಿನಲ್ಲೇ ಬಿಟ್ಟು ಬರಬೇಡಿ.

ಕುವೈತ್ ಮತ್ತು ಕತಾರ್‌ನಲ್ಲೂ ಸಾಮಾನ್ಯ ನಿಯಮ ಆರು ತಿಂಗಳದ್ದೇ. ಕುವೈತ್‌ನಲ್ಲಿ ಖಾಸಗಿ ಕಂಪೆನಿಗಳ ನೌಕರರು, ಅಂದರೆ ಆರ್ಟಿಕಲ್ 18ರವರು, 2025ರ ಜುಲೈ 1ರಿಂದ ದೇಶ ಬಿಡುವ ಮುನ್ನ ಎಕ್ಸಿಟ್ ಪರ್ಮಿಟ್ ಪಡೆಯಬೇಕು. ಕತಾರ್‌ನಲ್ಲಿ ಹೆಚ್ಚಿನ ಕಾರ್ಮಿಕರಿಗೆ ಎಕ್ಸಿಟ್ ಪರ್ಮಿಟ್ 2018ರಲ್ಲೇ ರದ್ದಾಗಿದೆ. ಅಕ್ಕಪಕ್ಕದ ಎರಡು ದೇಶ, ಎರಡು ನಿಯಮ. ಕತಾರ್‌ನಲ್ಲಿರುವ ತಮ್ಮನ ಮಾತು ಕೇಳಿ ಕುವೈತ್‌ನಲ್ಲಿರುವ ಅಣ್ಣ ವಿಮಾನ ನಿಲ್ದಾಣಕ್ಕೆ ಹೊರಟರೆ ಆಗುವುದಿಲ್ಲ.

ಹೆರಿಗೆಗೆ ಬಂದವರ ಗಣಿತ

ಈ ಆರು ತಿಂಗಳ ಲೆಕ್ಕ ಹೆಚ್ಚು ತಾಗುವುದು ನಮ್ಮ ಹೆಣ್ಣುಮಕ್ಕಳಿಗೆ. ಗಂಡನ ಜೊತೆ ಗಲ್ಫ್‌ನಲ್ಲಿರುವ ಮಗಳು ಏಳನೇ ತಿಂಗಳಿಗೆ ಹೆರಿಗೆಗೆಂದು ತವರಿಗೆ ಬರುತ್ತಾಳೆ. ಗರ್ಭಕ್ಕೆ 28 ವಾರ ಆದಾಗ ಬಂದಳು ಎಂದಿಟ್ಟುಕೊಳ್ಳಿ. 40 ವಾರಕ್ಕೆ ಹೆರಿಗೆ ಆದರೆ ಅಲ್ಲಿಗೆ 84 ದಿನ. ಬಾಣಂತನದ 40 ದಿನ ಸೇರಿಸಿದರೆ 124. ಆಗ 180ರಲ್ಲಿ ಉಳಿಯುವುದು 56 ದಿನ ಮಾತ್ರ.

ಆ ದಿನಗಳಲ್ಲಿ ಮಗುವಿನ ಕಾಗದವೆಲ್ಲ ಆಗಬೇಕು. ಮಗು ತಾಯಿಯ ಮಡಿಲಲ್ಲಿ ಕೂತು ಹೋದರೂ ಅದಕ್ಕೆ ಬೇರೆಯೇ ಪಾಸ್‌ಪೋರ್ಟ್, ಬೇರೆಯೇ ವೀಸಾ ಬೇಕು. ಪಾಸ್‌ಪೋರ್ಟ್‌ಗೆ ಜನನ ಪ್ರಮಾಣಪತ್ರ ಬೇಕು. 2023ರ ಅಕ್ಟೋಬರ್ 1ರ ನಂತರ ಹುಟ್ಟಿದವರಿಗೆ ಹುಟ್ಟಿದ ದಿನಾಂಕದ ಪುರಾವೆಯಾಗಿ ಅದೊಂದೇ ಸ್ವೀಕಾರ. ಜನನ ನೋಂದಣಿಗೆ 21 ದಿನದ ಅವಧಿ. ಹೆಸರಿಡುವುದನ್ನು ಮುಂದೂಡುತ್ತಾ ಹೋದರೆ ಹೆಸರಿಲ್ಲದ ಪ್ರಮಾಣಪತ್ರ ಹಿಡಿದು ಪುನಃ ಪಂಚಾಯತ್‌ಗೋ ಪಾಲಿಕೆಗೋ ಅಲೆಯಬೇಕಾಗುತ್ತದೆ. ಮಗುವಿನ ಪಾಸ್‌ಪೋರ್ಟ್‌ಗೆ ತಂದೆ ತಾಯಿ ಇಬ್ಬರ ಒಪ್ಪಿಗೆಯ ಅನೆಕ್ಷರ್ ಡಿ ಇದೆ. ತಂದೆ ವಿದೇಶದಲ್ಲಿದ್ದರೆ ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ದೃಢೀಕರಿಸಿದ ಅಫಿಡವಿಟ್ ಕಳಿಸಬೇಕು. ಇದನ್ನು ಹೆರಿಗೆ ಆದ ವಾರವೇ ಶುರು ಮಾಡಿದರೆ ದಾರಿ ಸುಲಭ. 40 ಕಳೆಯಲಿ ಎಂದು ಕೂತರೆ ಮಗುವಿನ ಪಾಸ್‌ಪೋರ್ಟ್ ಕೈಗೆ ಬರುವಾಗ ತಾಯಿಯ ವೀಸಾ ಹೋಗಿರುತ್ತದೆ.

ಗಲ್ಫ್‌ನಲ್ಲೇ ಹುಟ್ಟಿದ ಮಗುವಿನ ವಿಷಯ ಬೇರೆ. ಹುಟ್ಟಿದ ಮಾತ್ರಕ್ಕೆ ಅಲ್ಲಿನ ಪೌರತ್ವ ಸಿಗುವುದಿಲ್ಲ. ಒಂದು ವರ್ಷದೊಳಗೆ ಅಲ್ಲಿನ ಭಾರತೀಯ ಕಚೇರಿಯಲ್ಲಿ ಜನನ ನೋಂದಾಯಿಸಿದರೆ ಭಾರತದ ಪೌರತ್ವ ಗಟ್ಟಿ. ತಡವಾದರೆ ಕೇಂದ್ರ ಸರಕಾರದ ಅನುಮತಿ ಬೇಕಾಗುತ್ತದೆ.

ಪಾಸ್‌ಪೋರ್ಟ್ ಹೊಸದಾದಾಗ

ದೊಡ್ಡವರ ಪಾಸ್‌ಪೋರ್ಟ್‌ಗೆ 10 ವರ್ಷ, ಸಣ್ಣ ಮಕ್ಕಳದ್ದಕ್ಕೆ 5 ವರ್ಷ. ತಂದೆಯ ಪಾಸ್‌ಪೋರ್ಟ್ ನೋಡಿ ಟಿಕೆಟ್ ಮಾಡಿ, ಮಕ್ಕಳದ್ದು ಮುಗಿದದ್ದನ್ನು ಹಿಂದಿನ ದಿನ ಕಂಡು ಗಾಬರಿಯಾಗುವುದು ಸಾಮಾನ್ಯ. ರಜೆಯಲ್ಲಿ ಊರಿನಲ್ಲೇ ನವೀಕರಿಸುವುದಾದರೆ ಬಂದ ಮೊದಲ ವಾರವೇ ಅರ್ಜಿ ಹಾಕಿ. ಹೊಸದು ಬಂದ ಮೇಲೆ ಹಳೆಯದನ್ನು ಮನೆಯ ಕಪಾಟಿನಲ್ಲಿ ಇಡಬೇಡಿ. ಇಕಾಮ, ವೀಸಾ ಎಲ್ಲ ಹಳೆಯ ನಂಬರಿಗೆ ಜೋಡಿಸಿದ್ದು, ಎರಡನ್ನೂ ಒಟ್ಟಿಗೆ ಕೊಂಡುಹೋಗಿ. ಸೌದಿಯಲ್ಲಿ ಹೊಸ ನಂಬರನ್ನು ಇಕಾಮಕ್ಕೆ ಸೇರಿಸುವ "ನಕಲ್ ಮಾಲೂಮಾತ್" ಮಾಡಿಸಲೇಬೇಕು.

ಹೆಸರಿನ ಕಾಗುಣಿತವೂ ನಮ್ಮಲ್ಲಿ ದೊಡ್ಡ ತಲೆನೋವು. ಮುಹಮ್ಮದ್ ಎಂಬ ಒಂದೇ ಹೆಸರನ್ನು ಇಂಗ್ಲಿಷ್‌ನಲ್ಲಿ ನಾಲ್ಕು ಬಗೆಯಲ್ಲಿ ಬರೆಯುತ್ತೇವೆ. ಶಾಲೆಯ ದಾಖಲೆಯಲ್ಲಿ ಒಂದು, ಆಧಾರ್‌ನಲ್ಲಿ ಒಂದು, ಪಾಸ್‌ಪೋರ್ಟ್‌ನಲ್ಲಿ ಇನ್ನೊಂದು. ಟಿಕೆಟ್, ಪಾಸ್‌ಪೋರ್ಟ್, ವಾಸದ ಕಾರ್ಡ್ ಮೂರರಲ್ಲೂ ಹೆಸರು ಒಂದೇ ಇರಬೇಕು. ಪಾಸ್‌ಪೋರ್ಟ್‌ನಲ್ಲಿ ಒಂದೇ ಪದದ ಹೆಸರಿದ್ದು ಸರ್‌ನೇಮ್ ಜಾಗ ಖಾಲಿ ಇರುವವರನ್ನು 2022ರ ನವೆಂಬರ್‌ನಿಂದ ಯುಎಇ ವಿಸಿಟ್ ವೀಸಾದಲ್ಲಿ ಒಳಗೆ ಬಿಡುತ್ತಿಲ್ಲ. ವಾಸದ ವೀಸಾ ಇದ್ದವರಿಗೆ ಇದು ಅನ್ವಯಿಸದಿದ್ದರೂ ಉಮ್ಮನನ್ನು ಜೊತೆಗೆ ಕರೆದೊಯ್ಯುವ ಯೋಚನೆ ಇದ್ದರೆ ಅವರ ಪಾಸ್‌ಪೋರ್ಟ್ ಒಮ್ಮೆ ತೆರೆದು ನೋಡಿ.

ಅಲ್ಲಿ ಪಾಸ್‌ಪೋರ್ಟ್ ಕಳೆದುಕೊಂಡವರು ರಾಯಭಾರ ಕಚೇರಿಯಿಂದ ಪಡೆಯುವ ಎಮರ್ಜೆನ್ಸಿ ಸರ್ಟಿಫಿಕೇಟ್, ಅಂದರೆ ನಮ್ಮವರ "ಔಟ್‌ಪಾಸ್", ಊರಿಗೆ ತಲುಪಿಸುತ್ತದೆ, ಅಷ್ಟೇ. ಅದರಲ್ಲಿ ಮರಳಲು ಆಗುವುದಿಲ್ಲ. ಸಾವು ನೋವಿನ ತುರ್ತು ಇಲ್ಲದಿದ್ದರೆ ಅಲ್ಲೇ ಹೊಸ ಪಾಸ್‌ಪೋರ್ಟ್ ಮಾಡಿಸಿ ಬರುವುದು ಲೇಸು.

ಕಾಯಂ ನಿವಾಸಿಗಳ ಕಾರ್ಡು

ಈಗ ನಮ್ಮ ಮಕ್ಕಳು ಗಲ್ಫ್ ದಾಟಿ ಹೋಗಿದ್ದಾರೆ. ಅಮೆರಿಕ, ಕೆನಡಾ, ಆಸ್ಟ್ರೇಲಿಯ, ಬ್ರಿಟನ್‌ಗಳಲ್ಲಿ ಕಾಯಂ ವಾಸದ ಹಕ್ಕು ಪಡೆದವರು ಕರಾವಳಿಯ ಅನೇಕ ಮನೆಗಳಲ್ಲಿ ಇದ್ದಾರೆ. ಇಲ್ಲಿ "ಕಾಯಂ" ಎಂಬ ಮಾತು ಮೋಸ ಮಾಡುತ್ತದೆ. ವಾಸ ಕಾಯಂ, ಆದರೆ ವಾಸ ಮಾಡಿದರೆ ಮಾತ್ರ ಕಾಯಂ.

ಅಮೆರಿಕದ ಗ್ರೀನ್ ಕಾರ್ಡ್ ಇದ್ದವರು ಭಾರತದ ಪಾಸ್‌ಪೋರ್ಟ್ ಮತ್ತು ಆ ಕಾರ್ಡ್ ಎರಡನ್ನೂ ಹಿಡಿದು ಬರಬೇಕು. ಆರು ತಿಂಗಳೊಳಗೆ ಮರಳಿದರೆ ಸಾಮಾನ್ಯವಾಗಿ ತೊಂದರೆಯಿಲ್ಲ. ಆರು ತಿಂಗಳು ದಾಟಿದರೆ ಪ್ರಶ್ನೆಗಳು ಹೆಚ್ಚು, ಮುಂದೆ ಪೌರತ್ವಕ್ಕೆ ಬೇಕಾದ ನಿರಂತರ ವಾಸದ ಲೆಕ್ಕಕ್ಕೂ ಪೆಟ್ಟು. ಒಂದು ವರ್ಷ ದಾಟಿದರೆ ಆ ಕಾರ್ಡೊಂದರಲ್ಲಿ ಒಳಗೆ ಹೋಗಲಾಗದು. ಹೆಚ್ಚು ಕಾಲ ಊರಲ್ಲಿ ಇರಬೇಕಾದ ಅಗತ್ಯ ಮೊದಲೇ ಗೊತ್ತಿದ್ದರೆ ರೀಎಂಟ್ರಿ ಪರ್ಮಿಟ್ ಪಡೆಯಬಹುದು. ಅದು ಸಾಮಾನ್ಯವಾಗಿ ಎರಡು ವರ್ಷದವರೆಗೆ ನಡೆಯುತ್ತದೆ. ಅದಕ್ಕೆ ಐ-131 ಎಂಬ ಅರ್ಜಿಯನ್ನು ಅಮೆರಿಕದಲ್ಲಿ ಇರುವಾಗಲೇ ಹಾಕಬೇಕು. ಮಂಗಳೂರಿಗೆ ಬಂದ ಮೇಲೆ ನೆನಪಾದರೆ ಪ್ರಯೋಜನವಿಲ್ಲ. ವರ್ಷ ದಾಟಿ ಪರ್ಮಿಟ್ ಕೂಡ ಇಲ್ಲದವರಿಗೆ ಉಳಿದಿರುವುದು ಅಮೆರಿಕದ ಕಾನ್ಸುಲೇಟ್‌ನಲ್ಲಿ ಎಸ್‌ಬಿ-1 ವೀಸಾದ ಅರ್ಜಿ. ತಡವಾದದ್ದು ನಮ್ಮ ಕೈಮೀರಿದ ಕಾರಣದಿಂದ ಎಂದು ಅಲ್ಲಿ ತೋರಿಸಬೇಕು. ಊರಿನಲ್ಲಿ ಕಾರ್ಡ್ ಕಳೆದುಹೋದರೆ ಐ-131ಎ ಅರ್ಜಿ ಹಾಕಿ ವಿಮಾನ ಹತ್ತಲು ಬೇಕಾದ ಬೋರ್ಡಿಂಗ್ ಫಾಯಿಲ್ ಪಡೆಯುವ ದಾರಿ ಇದೆ.

ಕೆನಡಾದಲ್ಲಿ ಐದು ವರ್ಷದಲ್ಲಿ 730 ದಿನ ಅಲ್ಲಿ ಇರಬೇಕು ಎಂಬುದು ನಿಯಮ. ಪಿಆರ್ ಕಾರ್ಡಿನ ಅವಧಿ ಮುಗಿದರೆ ಹಕ್ಕು ಹೋಗುವುದಿಲ್ಲ, ಆದರೆ ಅದಿಲ್ಲದೆ ಕೆನಡಾದ ವಿಮಾನ ಹತ್ತಲು ಬಿಡುವುದಿಲ್ಲ. ಊರಲ್ಲಿರುವಾಗ ಕಾರ್ಡ್ ಮುಗಿದರೆ ಅಥವಾ ಕಳೆದರೆ ಪರ್ಮನೆಂಟ್ ರೆಸಿಡೆಂಟ್ ಟ್ರಾವೆಲ್ ಡಾಕ್ಯುಮೆಂಟ್‌ಗೆ ಅರ್ಜಿ ಹಾಕಬೇಕು. ಆಗ ಆ 730 ದಿನದ ಲೆಕ್ಕವನ್ನೂ ನೋಡುತ್ತಾರೆ.

ಆಸ್ಟ್ರೇಲಿಯದಲ್ಲಿ ಕಾಯಂ ವೀಸಾ ಸಿಕ್ಕಿದ ಮೇಲೆ ಹೋಗಿ ಬರುವ ಅನುಮತಿ ಸಾಮಾನ್ಯವಾಗಿ ಐದು ವರ್ಷಕ್ಕೆ ಮಾತ್ರ. ಅದರ ನಂತರ ದೇಶದೊಳಗೆ ಎಷ್ಟು ವರ್ಷ ಬೇಕಾದರೂ ಇರಬಹುದು, ಹೊರಗೆ ಕಾಲಿಟ್ಟರೆ ಮರಳಲು ರೆಸಿಡೆಂಟ್ ರಿಟರ್ನ್ ವೀಸಾ ಬೇಕು. ಹಿಂದಿನ ಐದು ವರ್ಷದಲ್ಲಿ ಎರಡು ವರ್ಷ ಅಲ್ಲಿದ್ದವರಿಗೆ ಅದು ಮತ್ತೆ ಐದು ವರ್ಷಕ್ಕೆ ಸಿಗುತ್ತದೆ. ಉಮ್ಮ ಆಸ್ಪತ್ರೆಯಲ್ಲಿದ್ದಾರೆ ಎಂದು ರಾತ್ರೋರಾತ್ರಿ ಹೊರಡುವವರು ನೋಡಬೇಕಾದದ್ದು ಈ ದಿನಾಂಕವನ್ನು.

ಬ್ರಿಟನ್‌ನಲ್ಲಿ ಸಾಮಾನ್ಯ ಐಎಲ್‌ಆರ್ ಇರುವವರು ಎರಡು ವರ್ಷಕ್ಕಿಂತ ಹೆಚ್ಚು ಸತತವಾಗಿ ಹೊರಗಿದ್ದರೆ ಹಕ್ಕು ಕಳೆದುಕೊಳ್ಳುತ್ತಾರೆ. ಅಲ್ಲಿನ ಬಿಆರ್‌ಪಿ ಕಾರ್ಡುಗಳು 2024ರ ಡಿಸೆಂಬರ್ 31ಕ್ಕೆ ಮುಗಿದು ಈಗ ಎಲ್ಲ ಇ-ವೀಸಾ. ಕೈಯಲ್ಲಿ ಕಾರ್ಡಿಲ್ಲ, ಆನ್‌ಲೈನ್ ಖಾತೆ ಮಾತ್ರ. ಊರಿನಲ್ಲಿ ಪಾಸ್‌ಪೋರ್ಟ್ ನವೀಕರಿಸಿದವರು ಹೊಸ ನಂಬರನ್ನು ಆ ಖಾತೆಗೆ ಸೇರಿಸದೆ ವಿಮಾನ ನಿಲ್ದಾಣಕ್ಕೆ ಹೋದರೆ ಕೌಂಟರಿನವರ ಕಂಪ್ಯೂಟರಿನಲ್ಲಿ ವೀಸಾ ಕಾಣಿಸದೆ ಹೋಗಬಹುದು.

ಪಾಸ್‌ಪೋರ್ಟ್ ಬದಲಾದವರು

ಅಲ್ಲಿನ ಪೌರತ್ವವನ್ನೇ ಪಡೆದವರಿಗೆ ಎಲ್ಲ ತಿರುಗುಮುರುಗು. ಅವರಿಗೆ ಮರಳುವುದು ಸಲೀಸು, ಬರುವುದಕ್ಕೆ ಕಾಗದ ಬೇಕು. ಭಾರತದಲ್ಲಿ ಎರಡು ಪೌರತ್ವಕ್ಕೆ ಅವಕಾಶವಿಲ್ಲ. 1955ರ ಪೌರತ್ವ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ ಇನ್ನೊಂದು ದೇಶದ ಪೌರತ್ವ ಸ್ವೀಕರಿಸಿದ ಕ್ಷಣವೇ ಭಾರತದ್ದು ಹೋಗುತ್ತದೆ. ಹಳೆಯ ಪಾಸ್‌ಪೋರ್ಟ್‌ನಲ್ಲಿ ಇನ್ನೂ ಅವಧಿ ಉಂಟಲ್ಲ ಎಂದು ಅದರಲ್ಲೇ ಬರುವುದು ಅಪರಾಧ. ಅದನ್ನು ಒಪ್ಪಿಸಿ ಸರೆಂಡರ್ ಸರ್ಟಿಫಿಕೇಟ್ ಪಡೆದು ಒಸಿಐ ಕಾರ್ಡ್ ಮಾಡಿಸಿಕೊಳ್ಳಬೇಕು. ಒಸಿಐ ಇದ್ದರೆ ಜೀವನಪೂರ್ತಿ ವೀಸಾ ಬೇಡ, ಎಷ್ಟು ದಿನ ಇದ್ದರೂ ವಿದೇಶಿಯರ ನೋಂದಣಿ ಬೇಡ. ಆದರೆ ಮತದ ಹಕ್ಕು ಇಲ್ಲ, ಕೃಷಿ ಜಮೀನು ಖರೀದಿಸುವಂತಿಲ್ಲ. ತಬ್ಲೀಗ್ ಚಟುವಟಿಕೆಗೆ, ಪತ್ರಿಕಾ ಕೆಲಸಕ್ಕೆ, ಸಂಶೋಧನೆಗೆ ವಿಶೇಷ ಅನುಮತಿ ಬೇಕು ಎಂದು 2021ರ ಅಧಿಸೂಚನೆ ಹೇಳುತ್ತದೆ.

ಹೆತ್ತವರು ಇನ್ನೂ ಗ್ರೀನ್ ಕಾರ್ಡ್‌ನಲ್ಲಿದ್ದು ಮಗು ಅಮೆರಿಕದಲ್ಲಿ ಹುಟ್ಟಿದ್ದರೆ ಒಂದೇ ಮನೆಯಲ್ಲಿ ಎರಡು ಬಗೆಯ ಪಾಸ್‌ಪೋರ್ಟ್. ಹೆತ್ತವರಿಗೆ ಭಾರತಕ್ಕೆ ವೀಸಾ ಬೇಡ, ಮಗುವಿಗೆ ಒಸಿಐ ಅಥವಾ ವೀಸಾ ಬೇಕು. ಅಜ್ಜಿಯನ್ನು ನೋಡಲು ಹೊರಟ ಮಗುವನ್ನೇ ಅಲ್ಲಿನ ಕೌಂಟರಿನಲ್ಲಿ ತಡೆಯುತ್ತಾರೆ. ಮಗುವಿನ ಪಾಸ್‌ಪೋರ್ಟ್ ಹೊಸದಾದಾಗಲೆಲ್ಲ, 20 ವರ್ಷ ತುಂಬುವವರೆಗೆ, ಅದರ ಪ್ರತಿಯನ್ನು ಒಸಿಐ ಜಾಲತಾಣಕ್ಕೆ ಸೇರಿಸಬೇಕು. 20 ತುಂಬಿದ ಮೇಲೆ ಹೊಸ ಪಾಸ್‌ಪೋರ್ಟ್ ಪಡೆದಾಗ ಕಾರ್ಡನ್ನು ಒಮ್ಮೆ ಮರುಪಡೆಯಬೇಕು.

ಇನ್ನೊಂದು ತಿಂಗಳು ಇದ್ದು ಹೋಗು

ದಾಖಲೆಗಳ ಮಾತು ಇಷ್ಟಾದರೂ ನಮ್ಮವರ ಕಾರ್ಡ್ ಹೋಗುವುದು ನಿಯಮ ತಿಳಿಯದ್ದರಿಂದ ಮಾತ್ರವಲ್ಲ. ಬಾಪನಿಗೆ ಆಪರೇಷನ್ ಆಗಿರುತ್ತದೆ. ತಂಗಿಯ ಮದುವೆ ಮುಂದಕ್ಕೆ ಹೋಗಿರುತ್ತದೆ. ಮನೆಯಲ್ಲಿ ಒಂದು ಮಯ್ಯತ್ ಆಗಿ ಉಮ್ಮ ಒಬ್ಬರೇ ಉಳಿದಿರುತ್ತಾರೆ. "ಇನ್ನೊಂದು ತಿಂಗಳು ಇದ್ದು ಹೋಗು ಮೋನೆ" ಎಂದು ಅವರು ಹೇಳಿದಾಗ ಇಲ್ಲ ಎನ್ನಲು ಬಾಯಿ ಬರುವುದಿಲ್ಲ. ಒಂದು ತಿಂಗಳು ಎರಡಾಗುತ್ತದೆ. 2020ರ ಮಾರ್ಚ್‌ನಲ್ಲಿ ವಿಮಾನಗಳು ನಿಂತಾಗ ಊರಿನಲ್ಲಿ ಸಿಕ್ಕಿಬಿದ್ದ ಗಲ್ಫ್‌ನವರ ಇಕಾಮವನ್ನು ಆಯಾ ಸರಕಾರಗಳೇ ವಿಸ್ತರಿಸಿದವು. ಅದು ಇಡೀ ಲೋಕಕ್ಕೆ ಬಂದ ಸಂಕಟ. ಒಂದು ಮನೆಯ ಸಂಕಟಕ್ಕೆ ಯಾವ ಸರಕಾರವೂ ತಾನಾಗಿ ಅವಧಿ ವಿಸ್ತರಿಸಿ ಕೊಡುವುದಿಲ್ಲ, ನಾವೇ ಅರ್ಜಿ ಹಾಕಬೇಕು, ಅದೂ ಅವಧಿಯೊಳಗೆ.

ಮಗ ಅಮೆರಿಕಕ್ಕೆ ಕರೆಸಿಕೊಂಡು ಗ್ರೀನ್ ಕಾರ್ಡ್ ಮಾಡಿಸಿಕೊಟ್ಟ ಹಿರಿಯರ ಸ್ಥಿತಿ ಇದರ ಇನ್ನೊಂದು ಮಗ್ಗುಲು. ಅಲ್ಲಿ ಚಳಿ, ಮಾತನಾಡಲು ಜನವಿಲ್ಲ. ವರ್ಷದ ಹೆಚ್ಚಿನ ಭಾಗ ಊರಲ್ಲೇ ಕಳೆಯುತ್ತಾರೆ, ಕಾರ್ಡ್ ಉಳಿಸಲು ನಡುವೆ ಒಮ್ಮೆ ಹೋಗಿ ಬರುತ್ತಾರೆ. ಇಂಥವರನ್ನು ಅಲ್ಲಿನ ವಿಮಾನ ನಿಲ್ದಾಣದಲ್ಲಿ ವಿಚಾರಿಸುವುದುಂಟು. ಆಗ ಐ-407 ಎಂಬ ಕಾಗದ ಮುಂದಿಟ್ಟರೆ ಅದೇನೆಂದು ತಿಳಿದಿರಬೇಕು: ಸ್ವಂತ ಇಚ್ಛೆಯಿಂದ ಗ್ರೀನ್ ಕಾರ್ಡ್ ಬಿಟ್ಟುಕೊಡುತ್ತೇನೆ ಎಂಬ ಹೇಳಿಕೆ ಅದು. ಸಹಿ ಹಾಕಲೇಬೇಕೆಂದು ಇಲ್ಲ. ಸಹಿ ಹಾಕದೆ ವಲಸೆ ನ್ಯಾಯಾಧೀಶರ ಮುಂದೆ ವಿಚಾರಣೆ ಕೇಳುವ ಹಕ್ಕಿದೆ. ಇಂಗ್ಲಿಷ್ ಬಾರದ ಹಿರಿಯರಿಗೆ ಮಕ್ಕಳು ಇಷ್ಟನ್ನಾದರೂ ಊರಿನ ಮಾತಿನಲ್ಲಿ ಹೇಳಿ ಕಳಿಸಬೇಕು.

ಮಾಡಬೇಕಾದ ಕೆಲಸ ದೊಡ್ಡದೇನೂ ಅಲ್ಲ. ಊರಿಗೆ ಬಂದ ದಿನವೇ ಎರಡು ದಿನಾಂಕಗಳನ್ನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕಿ: ಟಿಕೆಟ್‌ನ ದಿನ ಒಂದು, ಕಾರ್ಡ್ ಪ್ರಕಾರ ದಾಟಬಾರದ ಕೊನೆಯ ದಿನ ಇನ್ನೊಂದು. ಪಾಸ್‌ಪೋರ್ಟ್, ಇಕಾಮ, ಕಾರ್ಡುಗಳ ಫೋಟೋ ತೆಗೆದು ಮನೆಯ ಒಬ್ಬರ ಮೊಬೈಲಿಗೂ ಕಳಿಸಿಡಿ. ಅಬ್ಶರ್‌ನಂಥ ಖಾತೆಗಳ ಒಟಿಪಿ ಬರುವುದು ಅಲ್ಲಿನ ಸಿಮ್‌ಗೆ. ರೋಮಿಂಗ್ ಇಲ್ಲದೆ ಬಂದರೆ ವಿಸ್ತರಣೆಯೂ ಆಗದು. ಟಿಕೆಟ್ ಮಾಡುವ ಮುನ್ನ ವಾಟ್ಸ್‌ಆ್ಯಪ್‌ನಲ್ಲಿ ಬಂದದ್ದನ್ನು ನಂಬದೆ ಆಯಾ ದೇಶದ ಸರಕಾರಿ ಜಾಲತಾಣದಲ್ಲಿ ಒಮ್ಮೆ ನೋಡಿ, ಈ ನಿಯಮಗಳು ಬದಲಾಗುತ್ತಿರುತ್ತವೆ. ಕ್ಯಾಲೆಂಡರಿನ ಆ ಎರಡನೆಯ ದಿನಾಂಕವನ್ನು ಉಮ್ಮನಿಗೂ ತೋರಿಸಿ. "ಇನ್ನೊಂದು ತಿಂಗಳು" ಎಂದು ಹೇಳುವ ಮುನ್ನ ಅವರೇ ಲೆಕ್ಕ ಹಾಕಿ ನೋಡುತ್ತಾರೆ.